ಕಡ್ಡಾಯವಲ್ಲದ ಕಾಲಂ

ಬಸ್ಸಿನಲ್ಲಿ ಜನ ಮರೆತುಹೋದ ಸಾಮಾನೆಲ್ಲ ಬಂದು ಸೇರುವ ಕೋಣೆ ಡಿಪೋದ ಹಿಂಭಾಗದಲ್ಲಿತ್ತು. ಹಳೇ ಟೈರು ಪೇರಿಸಿಟ್ಟ ಗೋಡೆ ದಾಟಿ, ನೀರಿನ ಟ್ಯಾಂಕಿನ ಪಕ್ಕದ ಮೂರು ಮೆಟ್ಟಿಲು ಇಳಿದರೆ ಒಂದು ಹಸಿರು ಬಾಗಿಲು. ಒಳಗೆ ಹನ್ನೆರಡು ಕಬ್ಬಿಣದ ರ‍್ಯಾಕು, ಒಂದು ಉದ್ದ ಮೇಜು, ಎರಡು ಕುರ್ಚಿ. ಜನ ಏನನ್ನು ತಾನೇ ಮರೆಯುವುದಿಲ್ಲ! ಕೊಡೆ ಮರೆಯುತ್ತಾರೆ, ಸರಿ. ಊಟದ ಡಬ್ಬಿ ಮರೆಯುತ್ತಾರೆ, ಅದೂ ಸರಿ. ಬಾಯೊಳಗಿನ ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಸೀಟಿನ ಮೇಲಿಟ್ಟು, ಬೊಚ್ಚು ಬಾಯಲ್ಲೇ ಇಳಿದುಹೋಗುವ ಮಹಾನುಭಾವರೂ ಇದ್ದಾರೆ ಎಂಬುದು ಆ ಕೋಣೆಯಲ್ಲಿ ಕೆಲಸ ಮಾಡಿದವರಿಗಷ್ಟೇ ಗೊತ್ತು.

ಕೋಣೆಗೆ ಹೊಸದಾಗಿ ಬಂದಿದ್ದವಳು ಎಂಟು ವರ್ಷ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿದ್ದವಳು. ಹಾಗಾಗಿ ಡ್ರೈವರುಗಳು ಮೊದಲ ವಾರದಲ್ಲೇ ಅವಳಿಗೆ ‘ಲೈಬ್ರರಿ ಮೇಡಂ’ ಎಂದು ಹೆಸರಿಟ್ಟುಬಿಟ್ಟರು. ಅವಳಿಗೆ ಅದರಿಂದ ಬೇಸರವೇನೂ ಆಗಲಿಲ್ಲ, ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಆಯಿತು. ಯಾವುದೇ ವಸ್ತು ಕಂಡರೂ ಅದನ್ನು ಅದರ ಜಾಗಕ್ಕೆ ಸೇರಿಸದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಮನೆಯಲ್ಲೂ ಅಷ್ಟೇ. ಅಡುಗೆಮನೆಯ ಒಂದೊಂದು ಡಬ್ಬಿಯ ಮೇಲೂ ಚೀಟಿ. ಅವಳ ಜೊತೆಗಿದ್ದ ತಾಯಿ ಬಂದವರ ಮುಂದೆಲ್ಲ ಹೇಳುತ್ತಿದ್ದರು: "ಇವಳು ನನ್ನ ಹಣೆಗೂ ಒಂದು ಚೀಟಿ ಅಂಟಿಸ್ತಾಳೆ, ನೋಡ್ತಾ ಇರಿ. ತಾಯಿ, ಒಂದು, ಹಳೇದು ಅಂತ."

ಕೋಣೆಯಲ್ಲಿ ಅವಳಿಗಿಂತ ಮೊದಲಿನಿಂದ ಇದ್ದವನು ದಾರದಜ್ಜ. ಅಜ್ಜ ಎನ್ನುವಷ್ಟು ವಯಸ್ಸೇನೂ ಆಗಿರಲಿಲ್ಲ, ನಿವೃತ್ತಿಗೆ ಇನ್ನೂ ಮೂರು ತಿಂಗಳಿತ್ತು. ಮೂವತ್ತಕ್ಕೇ ತಲೆ ನೆರೆತದ್ದರಿಂದ ಆ ಪಟ್ಟ ಬೇಗ ಸಿಕ್ಕಿತ್ತು, ಅಷ್ಟೆ. ದಾರ ಎಂಬುದು ಅವನ ಕಸುಬಿನಿಂದ ಬಂದದ್ದು. ಒಂದು ಸೀಟಿನಲ್ಲಿ ಒಟ್ಟಿಗೆ ಸಿಕ್ಕ ಸಾಮಾನುಗಳನ್ನೆಲ್ಲ ಅವನು ಒಂದೇ ದಾರದಿಂದ ಕಟ್ಟಿ ರ‍್ಯಾಕಿನಲ್ಲಿಡುತ್ತಿದ್ದ. ಕೊಡೆಗೆ ಡಬ್ಬಿ, ಡಬ್ಬಿಗೆ ಟೋಪಿ. ಹಾಗೆ ಕಟ್ಟಿದ್ದಕ್ಕೆ ಅವನು ‘ಸಂಸಾರ’ ಅನ್ನುತ್ತಿದ್ದ. "ಇದು ನಾಕು ಜನದ ಸಂಸಾರ, ಇದು ಇಬ್ಬರದು, ಇದು ಪಾಪ ಒಂಟಿ" ಎನ್ನುತ್ತಾ ಗಂಟು ಹಾಕುವುದನ್ನು ಕಂಡರೆ ಲೈಬ್ರರಿ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು. ಕೊಡೆ ಕೊಡೆಗಳ ಜೊತೆ ಇರಬೇಕು, ಡಬ್ಬಿ ಡಬ್ಬಿಗಳ ಜೊತೆ. ಕೊಡೆ ಕೇಳಿಕೊಂಡು ಬಂದವನಿಗೆ ಹನ್ನೆರಡು ರ‍್ಯಾಕೂ ಜಾಲಾಡುವುದೆಂದರೇನು?

ಅಷ್ಟರಲ್ಲಿ ಕಂಪ್ಯೂಟರು ಬಂತು. ಅದನ್ನು ಕಲಿಸಲು ಬಂದ ಯುವಕ ಎರಡು ದಿನ ಪಾಠ ಮಾಡಿದ. ಒಳ್ಳೆಯ ಮಾತುಗಾರ.

"ಜಗತ್ತಲ್ಲಿ ಏನೇ ಇರಲಿ ಮೇಡಂ, ಐದು ಪ್ರಶ್ನೆ ಕೇಳಿದ್ರೆ ಅದು ನಿಮ್ಮ ಕೈಗೆ ಸಿಕ್ಕ ಹಾಗೆ. ಇದು ಯಾವ ಬಗೆ? ಆ ಬಗೆಯಲ್ಲಿ ಇದು ಯಾವ ಒಂದು? ಇದರ ಗುಣ ಏನೇನು? ಇದಕ್ಕೆ ಯಾವುದರ ಜೊತೆ ಸಂಬಂಧ? ಇದಕ್ಕೆ ಯಾವ ನಿಯಮ? ಅಷ್ಟೇ. ಕೊಡೆ ಅನ್ನೋದು ಬಗೆ. ಈ ಹಿಡಿ ಮುರಿದ ಕೊಡೆ ಅನ್ನೋದು ಒಂದು ವಸ್ತು. ಕಪ್ಪು ಅನ್ನೋದು ಗುಣ. ಆರು ತಿಂಗಳು ಯಾರೂ ಕೇಳದಿದ್ರೆ ವಿಲೇವಾರಿ ಅನ್ನೋದು ನಿಯಮ."

"ಮತ್ತೆ ಸಂಬಂಧ?" ಎಂದು ಅವಳು ಕೇಳಿದಳು. ತೆರೆಯ ಮೇಲೆ ಕೊನೆಯ ಕಾಲಂ ಅದೇ ಆಗಿತ್ತು.

ಯುವಕ ಗಡಿಯಾರ ನೋಡಿಕೊಂಡ. "ಅದು ಕಡ್ಡಾಯ ಅಲ್ಲ ಮೇಡಂ. ಖಾಲಿ ಬಿಟ್ರೂ ನಡೆಯತ್ತೆ."

ಖಾಲಿ ಬಿಟ್ಟಳು. ದಾರದಜ್ಜ ಕಣ್ಣಿನ ಪೊರೆ ತೆಗೆಸಲು ಮೂರು ವಾರ ರಜೆ ಹಾಕಿದ್ದೇ ತಡ, ಅವಳು ಸೆರಗು ಬಿಗಿದು ಕತ್ತರಿ ಹಿಡಿದಳು. ದಾರಗಳನ್ನೆಲ್ಲ ನಡುವೆ ಕತ್ತರಿಸಿದಳು. ಕೊಡೆಗಳು ಒಂದು ಕಡೆ ಹೋದವು, ಡಬ್ಬಿಗಳು ಒಂದು ಕಡೆ. ಕನ್ನಡಕ, ಕೈಚೀಲ, ಬೀಗದಕೈ, ಟೋಪಿ, ಹಲ್ಲು, ಎಲ್ಲಕ್ಕೂ ಒಂದೊಂದು ರ‍್ಯಾಕು, ರ‍್ಯಾಕಿಗೊಂದು ಚೀಟಿ. ಒಂದು ಸಾವಿರದ ನೂರ ನಲವತ್ತು ವಸ್ತುಗಳು ಕಂಪ್ಯೂಟರಿಗೆ ಏರಿದವು. ಪ್ರತಿಯೊಂದರ ಮೈಮೇಲೂ ಗೇಣುದ್ದದ ದಾರದ ತುಂಡೊಂದು ಬಾಲದ ಹಾಗೆ ಉಳಿದಿತ್ತು. ಅದನ್ನು ಬಿಚ್ಚಲು ಪುರುಸೊತ್ತಾಗಿರಲಿಲ್ಲ.

ತೊಂದರೆ ಕೊಟ್ಟದ್ದು ಜೋಡಿ ತಪ್ಪಿದವು. ಒಂದೇ ಕೈಗವಸು, ಒಂದೇ ಕಾಲುಚೀಲ, ಒಂದೇ ಬೂಟು. ಬೂಟು ಎಂದು ಹೊಡೆದರೆ ಕಂಪ್ಯೂಟರು ‘ಜೊತೆ’ ಎಂದೇ ಲೆಕ್ಕ ಹಿಡಿಯುತ್ತಿತ್ತು. ಅವಳು ಯೋಚಿಸಿ ತಾನೇ ಒಂದು ನಿಯಮ ಮಾಡಿದಳು: ಜೊತೆ ಇರಬೇಕಾದದ್ದರಲ್ಲಿ ಒಂದೇ ಸಿಕ್ಕರೆ ಅದು ಅರ್ಧ. ಅರ್ಧ ವಸ್ತುವನ್ನು ವಸ್ತು ಎನ್ನಲಾಗದು. ಅವನ್ನೆಲ್ಲ ಕಂಪ್ಯೂಟರಿಗೆ ಏರಿಸದೆ ಒಂದು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಅರಗಿನ ಮುದ್ರೆ ಒತ್ತಿಸಿ, ‘ಅಪೂರ್ಣ, ವಿಲೇವಾರಿಗೆ’ ಎಂದು ಚೀಟಿ ಅಂಟಿಸಿದಳು. ಶುಕ್ರವಾರ ಗುಜರಿ ಲಾರಿ ಬರುವುದಿತ್ತು. ಮೇಲಧಿಕಾರಿ ಸಾಹೇಬರು ಬಾಗಿಲಲ್ಲಿ ನಿಂತು ಕೋಣೆಯನ್ನು ನೋಡಿ, "ಈಗ ಇದು ಆಫೀಸಿನ ಹಾಗೆ ಕಾಣ್ತಿದೆ ನೋಡಿ" ಎಂದರು. ಅವರ ಬಾಯಿಂದ ಅಷ್ಟು ಬಂದರೆ ಸನ್ಮಾನವೇ ಆದ ಹಾಗೆ.

ಬುಧವಾರ ಮಧ್ಯಾಹ್ನ ಆ ಹಿರಿಯರು ಬಂದರು. ತೊಳೆದು ಬಣ್ಣಗೆಟ್ಟ ಅಂಗಿ, ನೀಟಾಗಿ ಬಾಚಿದ ಬಿಳಿ ಕೂದಲು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡೇ ನಿಂತಿದ್ದರು.

"ಒಂದು ಬೂಟು ಕಳೆದಿತ್ತಮ್ಮ. ನಾಲ್ಕು ತಿಂಗಳಾಯ್ತು."

"ಬೂಟು ಜೊತೆ ತಾನೇ?"

"ಇಲ್ಲಮ್ಮ. ಒಂದೇ. ಎಡಗಾಲಿಂದು."

"ಇನ್ನೊಂದು?"

"ಇನ್ನೊಂದು ಮಾಡೇ ಇಲ್ಲ."

ಅವಳು ತಲೆಯೆತ್ತಿ ನೋಡಿದಳು. ಹಿರಿಯರು ತಮಾಷೆ ಮಾಡುತ್ತಿರಲಿಲ್ಲ. "ನಾನೇ ಮಾಡಿದ್ದು" ಎಂದರು. "ಐವತ್ತು ವರ್ಷ ಬೂಟು ಮಾಡಿದೀನಿ. ಮನೆಯಾಕೆಗೆ ಅಂತ ಮಾಡಿದ್ದು. ಅಟ್ಟೆ ಒತ್ತಿಸೋಕೆ ಅಂತ ತಗೊಂಡು ಹೊರಟಿದ್ದೆ, ಬಸ್ಸಲ್ಲಿ ಬಿಟ್ಟೆ. ಆವತ್ತಿನಿಂದ ಅವಳು ಮೆಟ್ಟಿಲು ಇಳಿದಿಲ್ಲ. ಅದರ ಬದಲು ಹೊಸದು ಮಾಡೋಣ ಅಂದ್ರೆ ಕೈ ಮಾತು ಕೇಳಲ್ಲ ಈಗ." ಎಡಗೈ ಬಿಟ್ಟರು. ಬಲಗೈ ಮೇಜಿನ ಮೇಲೆ ಟಕಟಕ ನಡುಗಿತು. ಮತ್ತೆ ಹಿಡಿದುಕೊಂಡರು. "ಎಲ್ಲಾ ಡಿಪೋ ಕೇಳಿ ಆಯ್ತು. ಇದೇ ಕೊನೇದು."

ಅವಳು ಕಂಪ್ಯೂಟರಿನಲ್ಲಿ ‘ಬೂಟು’ ಎಂದು ಒತ್ತಿದಳು. ಒಂಬತ್ತು ಜೊತೆ ಬಂದವು. ‘ಒಂದು ಬೂಟು’ ಎಂದರೆ ಸೊನ್ನೆ. ಮೂಲೆಯ ಗೋಣಿಚೀಲ ಅವಳ ಕಣ್ಣಿಗೆ ಬೀಳದೆ ಇರಲಿಲ್ಲ. ಬಿತ್ತು. ಮುದ್ರೆ ಒಡೆಯಬೇಕೆಂದರೆ ಸಾಹೇಬರ ಸಹಿ ಬೇಕು, ಸಹಿ ಬೇಕೆಂದರೆ ಕಾರಣ ಬರೆಯಬೇಕು, ತಾನೇ ಕಟ್ಟಿದ ಚೀಲವನ್ನು ಮೂರನೇ ದಿನಕ್ಕೆ ತಾನೇ ಬಿಚ್ಚಿದೆ ಎನ್ನಬೇಕು. ಇಷ್ಟೂ ಒಂದೇ ಗಳಿಗೆಯಲ್ಲಿ ಅವಳ ತಲೆಯೊಳಗೆ ಸುತ್ತಿ ಹೋಯಿತು.

"ಇಲ್ಲ ನೋಡಿ" ಎಂದಳು. "ನಮ್ಮಲ್ಲಿ ಬಂದಿಲ್ಲ."

"ಸರಿಯಮ್ಮ" ಎಂದರು ಅವರು. ಜಗಳ ಆಡಲಿಲ್ಲ, ಇನ್ನೊಮ್ಮೆ ನೋಡಿ ಎನ್ನಲಿಲ್ಲ. ಕಂಪ್ಯೂಟರಿನಲ್ಲಿ ಇಲ್ಲದ ವಸ್ತುವಿಗೆ ಅರ್ಜಿ ಬರೆಸಿಕೊಳ್ಳುವ ಪದ್ಧತಿ ಇರಲಿಲ್ಲವಾದ್ದರಿಂದ ಅವಳು ಅವರ ಹೆಸರು ವಿಳಾಸವನ್ನೂ ಕೇಳಲಿಲ್ಲ. ಮೂರು ಮೆಟ್ಟಿಲು ಹತ್ತಿ, ಟೈರಿನ ಗೋಡೆ ದಾಟಿ ಅವರು ಹೊರಟುಹೋದರು.

ಸಂಜೆ ಮನೆಯಲ್ಲಿ ಟೀ ಕುಡಿಯುವಾಗ ಅವಳು ತಾಯಿಗೆ ಇದನ್ನು ನಗುತ್ತಲೇ ಹೇಳಿದಳು. "ಒಂದೇ ಬೂಟಂತೆ. ಇನ್ನೊಂದು ಮಾಡೇ ಇಲ್ಲವಂತೆ!"

ತಾಯಿ ನಗಲಿಲ್ಲ. "ಯಾಕೆ ನಗ್ತೀಯ? ಆಕೆ ಎಡಗಾಲು ಗಿಡ್ಡ ಇರಬೇಕು. ನಮ್ಮ ಶಾಲೇಲಿ ಒಬ್ಬಳಿದ್ದಳು, ಇಷ್ಟೆತ್ತರದ ಅಟ್ಟೆ ಹಾಕ್ಕೊಂಡು ಬರ್ತಿದ್ದಳು. ಬಲಗಾಲಿಗೆ ಯಾವ ಚಪ್ಪಲಿಯಾದ್ರೂ ಆಗತ್ತೆ. ಎಡಗಾಲಿಂದು ಹೋದ್ರೆ ಮುಗೀತು, ಮೂಲೆ ಹಿಡಿದ ಹಾಗೇನೇ." ಲೋಟ ಕೆಳಗಿಟ್ಟು ಮಗಳ ಮುಖ ನೋಡಿದರು. "ನೋಡಿ ಹೇಳಿದೆ ತಾನೇ, ಇಲ್ಲ ಅಂತ?"

ಅವಳು ಲೋಟದೊಳಗೆ ನೋಡುತ್ತಾ "ಹೂಂ" ಎಂದಳು. ಹೆತ್ತ ತಾಯಿಗೆ ಹೇಳಿದ ಆ ಒಂದಕ್ಷರದ ಸುಳ್ಳು ಬೆಳಗಿನವರೆಗೂ ಅವಳನ್ನು ಮಗ್ಗುಲು ಬದಲಿಸುವಂತೆ ಮಾಡಿತು.

ಗುರುವಾರ ಅವಳು ಬರುವ ಹೊತ್ತಿಗೆ ದಾರದಜ್ಜ ಆಗಲೇ ಬಂದಿದ್ದ. ಕಣ್ಣಿಗೆ ಕಪ್ಪು ಕನ್ನಡಕ. ರ‍್ಯಾಕಿನ ಮುಂದೆ ನಿಂತು ಕೊಡೆಗಳ ಮೇಲೆ ಕೈಯಾಡಿಸುತ್ತಿದ್ದ. ದಾರದ ತುಂಡುಗಳು ಒಂದೊಂದಾಗಿ ಅವನ ಬೆರಳಿಗೆ ಸಿಗುತ್ತಿದ್ದವು, ತುದಿಗೆ ಬಂದು ಬೆರಳು ಬರಿದಾಗುತ್ತಿತ್ತು. ಅವನು ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸಂಸಾರ ಎಲ್ಲಾ ಒಡೆದುಬಿಟ್ರಲ್ಲ ತಾಯಿ" ಎಂದಷ್ಟೇ ಹೇಳಿದ.

"ಸಾಹೇಬ್ರು ಎಲ್ಲಾ ಕಂಪ್ಯೂಟರಿಗೆ ಏರಿಸಿ ಅಂದಿದ್ರು. ನಿಮ್ಮ ರಿಜಿಸ್ಟರ್ ತೆಗೆದು ನೋಡಿದೆ, ಎರಡು ವರ್ಷದಿಂದ ತಾರೀಖಿನ ಸೀಲು ಬಿಟ್ರೆ ಏನೂ ಇಲ್ಲ."

ದಾರದಜ್ಜ ಕುರ್ಚಿ ತಡಕಿ ಕುಳಿತ. "ಹೇಗೆ ಬರೀಲಿ? ಎರಡು ವರ್ಷದಿಂದ ನನಗೆ ಅಕ್ಷರ ಕಾಣ್ತಿರಲಿಲ್ಲ. ಹೇಳಿದ್ರೆ ಮನೆಗೆ ಕಳಿಸ್ತಾರೆ ಅಂತ ಸುಮ್ಮನಿದ್ದೆ. ದಾರದಲ್ಲೇ ಬರೆದೆ. ತಿಂಗಳಿಗೊಂದು ಬಣ್ಣದ ಉಂಡೆ. ಒಟ್ಟಿಗೆ ಎಷ್ಟು ಸಿಕ್ಕಿತೋ ಒಂದೊಂದರ ಹತ್ತಿರ ಅಷ್ಟು ಗಂಟು. ಮುಟ್ಟಿದ್ರೆ ಸಾಕು, ಇದು ಎಷ್ಟು ಜನದ ಸಂಸಾರ, ದಾರ ಹಿಡಿದು ಹೋದ್ರೆ ಮಿಕ್ಕವರು ಯಾರು, ಎಲ್ಲಾ ಗೊತ್ತಾಗ್ತಿತ್ತು."

ಅವಳಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ತಾನು ಕೊಳಕು ದಾರ ಎಂದು ಕತ್ತರಿಸಿದ್ದು ಒಬ್ಬ ಮನುಷ್ಯ ಕಷ್ಟಪಟ್ಟು ಬರೆದಿಟ್ಟ ಪುಸ್ತಕ. ಎಂಟು ವರ್ಷದಲ್ಲಿ ಪುಸ್ತಕದ ಒಂದು ಹಾಳೆಯ ಮೂಲೆಯನ್ನೂ ಮಡಿಸದವಳು ಅವಳು.

ಆಮೇಲೆ ಅವಳೇ ಬುಧವಾರದ ಕಥೆ ಹೇಳಿದಳು. ಏನನ್ನೂ ಮುಚ್ಚಿಡದೆ ಹೇಳಿದಳು, ಗೋಣಿಚೀಲ ಕಣ್ಣಿಗೆ ಬಿದ್ದರೂ ಎದ್ದು ನೋಡಲಿಲ್ಲ ಎಂಬುದನ್ನೂ. ದಾರದಜ್ಜ ಅರ್ಧಕ್ಕೇ ಎದ್ದು ನಿಂತ.

"ಭಾರದ ಬೂಟು! ಎಡಗಾಲಿಂದು! ಎತ್ತಿದಾಗ ಕೈ ಜಗ್ಗಿತ್ತು, ನೆನಪಿದೆ. ನೀಲಿ ದಾರ. ಎಲ್ಲಿದೆ ಅದು?"

ಅವಳು ಮೂಲೆಗೆ ಹೋಗಿ ಚೀಲವನ್ನು ಎಳೆದು ತಂದು, ಕತ್ತರಿಯ ಹಿಡಿಯಿಂದ ಅರಗಿನ ಮುದ್ರೆಯನ್ನು ಕುಟ್ಟಿದಳು. ಮೂರನೇ ಏಟಿಗೆ ಅದು ಪುಡಿಯಾಯಿತು. ಕೈಗವಸು, ಕಾಲುಚೀಲ, ಮಕ್ಕಳ ಚಪ್ಪಲಿಗಳ ಅಡಿಯಲ್ಲಿ ಅದು ಸಿಕ್ಕಿತು. ಕಪ್ಪು ಚರ್ಮದ ಬೂಟು, ಅಂಗೈ ಅಗಲದಷ್ಟು ದಪ್ಪ ಅಟ್ಟೆ. ಬೆಂಡನ್ನು ಪದರಪದರವಾಗಿ ಅಂಟಿಸಿ, ಮೇಲೆ ಚರ್ಮ ಹೊದಿಸಿ, ಅಂಚಿಗೆ ಮೇಣದ ದಾರದ ಸಣ್ಣ ಹೊಲಿಗೆ. ಒಂದು ಹೊಲಿಗೆಯೂ ಸೊಟ್ಟ ಇರಲಿಲ್ಲ. ಇದಕ್ಕೆ ತಾನು ‘ಅರ್ಧ’ ಎಂದು ಬರೆದಿದ್ದೆ. ಅವಳು ಅದನ್ನು ಮೇಜಿನ ಮೇಲೆ ಇಟ್ಟಳು.

"ಬೂಟೇನೋ ಸಿಕ್ತು. ಅವರನ್ನ ಎಲ್ಲಿ ಹುಡುಕೋದು? ಹೆಸರು ಗೊತ್ತಿಲ್ಲ, ವಿಳಾಸ ಗೊತ್ತಿಲ್ಲ. ಮತ್ತೆ ಬರಲ್ಲ ಅವರು, ಇದೇ ಕೊನೇ ಡಿಪೋ ಅಂದ್ರು."

ದಾರದಜ್ಜ ಬೂಟಿನ ಕಣ್ಣಿಗೆ ಸಿಕ್ಕಿದ್ದ ನೀಲಿ ದಾರದ ತುಂಡನ್ನು ಬೆರಳಲ್ಲಿ ಹೊಸೆದ. "ಒಂದು, ಎರಡು, ಮೂರು ಗಂಟು. ಇದರ ಜೊತೆ ಇನ್ನೆರಡು ಇದ್ವು ತಾಯಿ."

"ಅವರು ಬೂಟು ಒಂದೇ ಕೇಳಿದ್ದು."

"ಕಳಕೊಂಡವರು ಯಾವಾಗ್ಲೂ ಹಾಗೇ. ಹೊಟ್ಟೆ ಉರಿಯೋದು ಯಾವುದಕ್ಕೋ ಅದನ್ನ ಮಾತ್ರ ಹೇಳ್ತಾರೆ. ಮಿಕ್ಕಿದ್ದು ಅವರಿಗೂ ನೆನಪಿರಲ್ಲ."

"ಆ ಎರಡು ಯಾವುದು ಅಂತ ನಿಮಗೆ..."

"ಎರಡು ವರ್ಷದಲ್ಲಿ ಸಾಮಾನು ಮುಟ್ಟಿದೀನಿ, ನೋಡಿಲ್ಲ. ನೂರಾರು ಸಂಸಾರ. ಭಾರ ಇತ್ತು ಅಂತ ಇದೊಂದು ನೆನಪು."

ಇಬ್ಬರೂ ಹುಡುಕಲು ಕುಳಿತರು. ನೀಲಿ ದಾರ, ಮೂರು ಗಂಟು. ಅವಳು ರ‍್ಯಾಕಿನಿಂದ ಇಳಿಸಿ ಕೊಡುವುದು, ಅವನು ಮುಟ್ಟಿ ಎಣಿಸುವುದು. ಎರಡು ಗಂಟಿನದು ವಾಪಸು, ನಾಲ್ಕರದ್ದು ವಾಪಸು. ಮೊದಮೊದಲು ಅವಳು ಕಣ್ಣಿನಿಂದ ಎಣಿಸುತ್ತಿದ್ದಳು, ಆಮೇಲೆ ಬೆರಳಿಗೇ ರೂಢಿಯಾಯಿತು. ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಸರಿಯಿತು. ಹೊರಗೆ ಬಸ್ಸುಗಳು ಹಿಂದಕ್ಕೆ ಮುಂದಕ್ಕೆ ಹೋಗುವ ಸದ್ದು, ಮಧ್ಯೆ ಒಬ್ಬ ಕಂಡಕ್ಟರು ಬಂದು ಇನ್ನೊಂದು ಕೊಡೆ ಇಟ್ಟುಹೋದ. ಮಧ್ಯಾಹ್ನ ಮೂರರ ಹೊತ್ತಿಗೆ ಬೂಟನ್ನೂ ಸೇರಿಸಿ ಹನ್ನೆರಡು ಸಾಮಾನು ನೆಲದ ಮೇಲೆ ಸಾಲಾಗಿ ಕುಳಿತಿದ್ದವು: ಕೊಡೆ, ಊಟದ ಡಬ್ಬಿ, ಉಣ್ಣೆಯ ಟೋಪಿ, ನೀರಿನ ಬಾಟಲಿ, ಟಾರ್ಚು, ಬೀಗದಕೈ ಗೊಂಚಲು, ಚಿತ್ರ ಬರೆಯುವ ಪುಸ್ತಕ, ಬಣ್ಣದ ಪೆನ್ಸಿಲ್ ಡಬ್ಬಿ, ಶಾಲು, ಬಟ್ಟೆಯ ಚೀಲ, ಕನ್ನಡಕದ ಗೂಡು.

"ಹನ್ನೆರಡು ಜನ, ಮೂರು ಮೂರರ ನಾಲ್ಕು ಸಂಸಾರ" ಎಂದ ದಾರದಜ್ಜ. "ಈಗ ಯಾರು ಯಾರ ಮನೆಯವರು ಹೇಳಿ."

ಆಗಲೇ ಬಾಗಿಲಲ್ಲಿ ನೆರಳು ಬಿತ್ತು. ಸಾಹೇಬರು. ಆಫೀಸಿನ ಹಾಗಿದ್ದ ಕೋಣೆ ಸಂತೆಯಾಗಿರುವುದನ್ನು ನೋಡಿ ಅವರ ಹುಬ್ಬು ಮೇಲಕ್ಕೆ ಹೋದದ್ದು ಇಳಿಯಲೇ ಇಲ್ಲ.

"ಏನ್ರೀ ಇದು? ಮುದ್ರೆ ಒಡೆದದ್ದು ಯಾರು?"

"ನಾನೇ ಸರ್."

"ಯಾರನ್ನ ಕೇಳಿ?"

"ಕೇಳಲಿಲ್ಲ ಸರ್. ನಿನ್ನೆಯೇ ಒಡೀಬೇಕಿತ್ತು. ಒಡೀದೆ ಒಬ್ಬರನ್ನ ಬರಿಗೈಯಲ್ಲಿ ಕಳಿಸಿದೆ." ಅವಳು ಕಣ್ಣು ತಗ್ಗಿಸಲಿಲ್ಲ. ಬೂಟನ್ನು ಎತ್ತಿ ಅವರ ಕೈಗಿಟ್ಟಳು.

ಅಷ್ಟು ಭಾರ ಇರುತ್ತದೆಂದು ಎಣಿಸದ ಸಾಹೇಬರ ಕೈ ಕೆಳಗೆ ಜಗ್ಗಿತು. "ಒಂದೇನಾ?"

"ಒಂದೇ ಸರ್."

"ಇನ್ನೊಂದು?"

"ಇನ್ನೊಂದು ಮಾಡೇ ಇಲ್ಲ ಸರ್."

ಸಾಹೇಬರು ಬೂಟನ್ನು ತಿರುಗಿಸಿ ನೋಡಿದರು, ಅಟ್ಟೆಯನ್ನು ಹೆಬ್ಬೆರಳಿಂದ ಒತ್ತಿದರು. "ಲಿಖಿತ ವಿವರಣೆ ಕೊಡಬೇಕಾಗತ್ತೆ ನೀವು" ಎಂದರು. ಬಾಗಿಲವರೆಗೆ ಹೋಗಿ ತಿರುಗಿದರು. "ಲಾರಿಯವನಿಗೆ ಮುಂದಿನ ತಿಂಗಳು ಬಾ ಅಂತೀನಿ." ಹುಬ್ಬು ಮಾತ್ರ ಇನ್ನೂ ಮೇಲೆಯೇ ಇತ್ತು.

ಅವಳು ಮತ್ತೆ ನೆಲಕ್ಕೆ ಕುಳಿತಳು. ಚಿತ್ರದ ಪುಸ್ತಕ, ಪೆನ್ಸಿಲ್ ಡಬ್ಬಿ, ಬಾಟಲಿ. ಅದು ಯಾವುದೋ ಮಗುವಿನ ಸಂಸಾರ, ನೋಡಿದರೇ ಗೊತ್ತಾಗುತ್ತದೆ. ಮಿಕ್ಕದ್ದು? ಮನೆಯಾಕೆಯ ಬೂಟು ಎಂದ ಮೇಲೆ ಹೆಂಗಸಿನ ಶಾಲು ಇರಬಹುದೇ? ಶಾಲು ತೆಗೆದು ಬೂಟಿನ ಪಕ್ಕ ಇಟ್ಟಳು. ದಾರದಜ್ಜ ಅದನ್ನು ಮೂಸಿ, "ಇದು ಟೋಪಿಯವರ ಮನೇದು, ಒಂದೇ ಎಣ್ಣೆ ವಾಸನೆ" ಎಂದು ಆ ಕಡೆ ಇಟ್ಟ. ಅವಳಿಗೆ ನಗು ಬಂತು. ಅವನ ಮೂಗು ಸುಳ್ಳು ಹೇಳುವುದಿಲ್ಲ ಎಂದು ಗೊತ್ತಾಗುತ್ತಿದ್ದಂತೆ ನಗು ನಿಂತಿತು.

ಕೊನೆಗೆ ಕನ್ನಡಕದ ಗೂಡು ತೆರೆದಳು. ಕಂಪ್ಯೂಟರಿಗೆ ಏರಿಸುವಾಗ ಇದನ್ನು ‘ಕನ್ನಡಕ, ಕಂದು, ಹಳೆಯದು’ ಎಂದು ಬರೆದು ಮುಚ್ಚಿದ್ದಳು. ಈಗ ಕೈಗೆತ್ತಿಕೊಂಡು ನೋಡಿದಳು. ಒಂದು ಕಡ್ಡಿಯ ಸ್ಕ್ರೂ ಬಿದ್ದುಹೋಗಿತ್ತು. ಆ ಜಾಗದಲ್ಲಿ ಯಾರೋ ದಪ್ಪ ಕಪ್ಪು ದಾರ ಸುತ್ತಿ ಬಿಗಿದಿದ್ದರು.

"ಅಜ್ಜ, ಇದನ್ನ ಸ್ವಲ್ಪ ಮುಟ್ಟಿ."

ಅವನು ಮುಟ್ಟಿದ, ಉಗುರಿನಿಂದ ಗೀರಿದ, ಮೂಗಿನ ಹತ್ತಿರ ಹಿಡಿದ. "ಮೇಣ. ಇದು ನನ್ನ ದಾರ ಅಲ್ಲ ತಾಯಿ."

"ನಿಮ್ಮದಲ್ಲ. ಇದನ್ನೂ ಮುಟ್ಟಿ." ಬೂಟಿನ ಅಂಚಿನ ಹೊಲಿಗೆಯ ಮೇಲೆ ಅವನ ಬೆರಳಿಟ್ಟಳು.

ದಾರದಜ್ಜನ ಮುಖ ಅರಳಿತು. ಕಣ್ಣಿನ ಚಿಕಿತ್ಸೆಯಾದ ಮೇಲೆ ಅವನು ಅಷ್ಟು ಚೆನ್ನಾಗಿ ನಕ್ಕದ್ದು ಅದೇ ಮೊದಲು. ಅವಳು ಆಗಲೇ ಬಟ್ಟೆಯ ಚೀಲವನ್ನು ಎಳೆದುಕೊಂಡಿದ್ದಳು. ಅದರ ಹಿಡಿ ಕಿತ್ತುಹೋಗಿ ಮತ್ತೆ ಹೊಲಿದದ್ದು, ಅದೇ ಕಪ್ಪು ದಾರ, ಅದೇ ಸಣ್ಣ ಸಣ್ಣ ಹೊಲಿಗೆ. ಮನೆಯಲ್ಲಿ ಏನು ಕಿತ್ತರೂ ಒಂದೇ ದಾರದಿಂದ ಹೊಲಿಯುವ ಮನುಷ್ಯ. ತಾನು ಮೂರು ಕಡೆ ಹಂಚಿದ್ದನ್ನು ಅವರು ನಾಲ್ಕು ತಿಂಗಳ ಹಿಂದೆಯೇ ಒಂದು ಮಾಡಿಟ್ಟಿದ್ದರು.

ಗೂಡಿನ ತಳದಲ್ಲಿ ಮಡಿಸಿದ ಚೀಟಿ ಇತ್ತು, ಕನ್ನಡಕದ ಅಂಗಡಿಯದು. ಅವಳು ಫೋನ್ ಮಾಡಿ, ಚೀಟಿಯ ನಂಬರು ಹೇಳಿ, ಏಕೆ ಬೇಕೆಂದು ವಿವರಿಸಿದಳು. ಅಂಗಡಿಯಾತ ಪುಸ್ತಕ ತಿರುವಿ, "ಓ, ನಮ್ಮ ಬೂಟಿನ ತಾತನಾ! ಮೊನ್ನೆ ತಾನೇ ಹೊಸದು ಮಾಡಿಸ್ಕೊಂಡು ಹೋದ್ರಲ್ಲ" ಎಂದು ವಿಳಾಸ ಹೇಳಿದ.

ಶುಕ್ರವಾರ ಬೆಳಿಗ್ಗೆ ಅವಳು ಬೂಟು, ಕನ್ನಡಕ ಎರಡನ್ನೂ ಅದೇ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದಳು. ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ತಬ್ಬಿಕೊಂಡೇ ಕುಳಿತಳು. ಸಿಕ್ಕ ಸಾಮಾನಿನ ಕೋಣೆಯವಳೇ ಬಸ್ಸಿನಲ್ಲಿ ಮರೆತು ಇಳಿದರೆ ಡ್ರೈವರುಗಳು ಹೊಸ ಹೆಸರಿಡಲು ಒಂದು ಗಂಟೆಯೂ ಬೇಕಾಗಿರಲಿಲ್ಲ.

ಬಟ್ಟೆಗೆ ಬಣ್ಣ ಹಾಕುವ ಅಂಗಡಿಯ ಮೇಲಿನ ಎರಡನೇ ಮಹಡಿ. ಕಡಿದಾದ ಮೆಟ್ಟಿಲು, ಎಣಿಸುತ್ತಾ ಹತ್ತಿದಳು, ಇಪ್ಪತ್ತಾರು. ಬಾಗಿಲು ತೆರೆದೇ ಇತ್ತು. ಕಿಟಕಿಯ ಬಳಿ ತಗ್ಗು ಮೇಜು, ಅದರ ಸುತ್ತ ಬೆಂಡಿನ ತುಂಡುಗಳ ರಾಶಿ, ಒಂದೂ ಸರಿಯಾಗಿ ಕತ್ತರಿಸಿದ್ದಿಲ್ಲ. ಹಿರಿಯರು ಕತ್ತಿ ಹಿಡಿದಿದ್ದರು. ಎದುರು ಕುಳಿತ ಹೆಂಗಸು ತನ್ನ ಎರಡೂ ಕೈಯಿಂದ ಅವರ ಬಲಗೈಯನ್ನು ಹಿಡಿದು, ಅದು ನಡುಗದಂತೆ ಒತ್ತಿಕೊಂಡು, ಬೆಂಡಿನ ಮೇಲೆ ಮೆಲ್ಲಗೆ ನಡೆಸುತ್ತಿದ್ದರು. ಕತ್ತಿ ಮತ್ತೆ ಗೆರೆ ತಪ್ಪಿತು. "ಪರವಾಗಿಲ್ಲ ಬಿಡಿ, ಇನ್ನೊಂದು ತಗೊಳ್ಳಿ" ಎಂದರು ಆಕೆ, ಅದನ್ನು ನೂರು ಸಲ ಹೇಳಿದವರ ದನಿಯಲ್ಲಿ.

ಲೈಬ್ರರಿ ಮೇಡಂ ಬಾಗಿಲಲ್ಲೇ ನಿಂತು ಚೀಲದಿಂದ ಬೂಟು ತೆಗೆದಳು. "ನಮ್ಮಲ್ಲೇ ಇತ್ತು" ಎಂದಳು. "ಮೊನ್ನೆಯೂ ಇತ್ತು. ನಾನು ಎದ್ದು ನೋಡಲಿಲ್ಲ. ತಪ್ಪಾಯ್ತು."

ಹಿರಿಯರು ಕತ್ತಿಯನ್ನು ಕೆಳಗಿಟ್ಟರು. ಬೂಟು ತೆಗೆದುಕೊಂಡು ಮೊದಲು ಅಟ್ಟೆ ತಿರುಗಿಸಿ ನೋಡಿ, "ಒದ್ದೆ ಆಗಿಲ್ಲ" ಎಂದರು. ಆಮೇಲೆ ಹೆಂಡತಿಯ ಮುಂದೆ ನೆಲಕ್ಕೆ ಕುಳಿತು ಎಡಗಾಲನ್ನು ಎತ್ತಿ ಒಳಗಿಟ್ಟರು. ದಾರ ಕಟ್ಟಲು ಕೈ ಕೇಳಲಿಲ್ಲ. ಬಂದವಳು ಬಗ್ಗಿ ಕಟ್ಟಿದಳು. ನೀಲಿ ದಾರದ ತುಂಡು ಅಲ್ಲೇ ನೇತಾಡುತ್ತಿತ್ತು, ಅದನ್ನು ಬಿಚ್ಚಲು ಅವಳಿಗೆ ಮನಸ್ಸಾಗಲಿಲ್ಲ. ಕನ್ನಡಕವಿದ್ದ ಚೀಲವನ್ನು ತಗ್ಗು ಮೇಜಿನ ಮೇಲಿಟ್ಟಳು.

ಆಕೆ ಎದ್ದು ನಿಂತರು. ನಿಂತಾಗ ಗಂಡನಿಗಿಂತ ಎತ್ತರ. ಕೋಣೆಯಲ್ಲಿ ಒಂದು ಸುತ್ತು ಹಾಕಿದರು, ಬಲಗಾಲಿಗೆ ಬಾಗಿಲ ಮರೆಯ ಹಳೇ ಚಪ್ಪಲಿ ಹಾಕಿಕೊಂಡರು.

"ನಿಮ್ಮನ್ನ ಬಸ್ ಸ್ಟಾಪ್ ತನಕ ಬಿಟ್ಟು ಬರ್ತೀನಿ" ಎಂದರು.

"ಅಯ್ಯೋ, ಬೇಡಮ್ಮ..."

"ನಿಮಗೋಸ್ಕರ ಅಲ್ಲ ಬಿಡಿ" ಎಂದು ಆಕೆ ನಕ್ಕುಬಿಟ್ಟರು.

ಇಪ್ಪತ್ತಾರು ಮೆಟ್ಟಿಲನ್ನು ಮೂವರೂ ಇಳಿದರು. ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಅವಳು ರಸೀದಿ ತೆಗೆದು ಕೊಟ್ಟಳು. ಹಿರಿಯರ ಕೈ ಆಡದು ಎಂದು ಆಕೆಯೇ ಪೆನ್ನು ಹಿಡಿದರು. ಹೆಸರು, ವಿಳಾಸ, ವಸ್ತುವಿನ ಬಗೆ, ಬಣ್ಣ, ಸ್ಥಿತಿ. ಬೇಗ ಬೇಗ ತುಂಬಿಸಿ, ಕೊನೆಯ ಕಾಲಮ್ಮಿನಲ್ಲಿ ನಿಂತರು. ‘ಪಡೆಯುವವರಿಗೂ ವಸ್ತುವಿಗೂ ಇರುವ ಸಂಬಂಧ.’ ಅಲ್ಲಿ ಎಲ್ಲರೂ ‘ಮಾಲೀಕರು’ ಎಂದು ಗೀಚಿ ಕೊಡುತ್ತಾರೆ, ಇಲ್ಲವೆ ಹಾಗೇ ಬಿಡುತ್ತಾರೆ.

"ಇಲ್ಲೇನು ಬರೀಲಿ? ಮಾಡಿದವರು ಇವರು, ನನ್ನದು ಅಂತ ಹೇಗೆ ಬರೀಲಿ?"

"ಅದು ಕಡ್ಡಾಯ..." ಎಂದು ಬಾಯಿಗೆ ಬಂದದ್ದನ್ನು ಲೈಬ್ರರಿ ಮೇಡಂ ನುಂಗಿಕೊಂಡಳು. "ಏನಿದೆಯೋ ಅದನ್ನೇ ಬರೀರಿ ಅಮ್ಮ" ಎಂದಳು.

ಆಕೆ ಸ್ವಲ್ಪ ಯೋಚಿಸಿ, ದುಂಡಗಿನ ಅಕ್ಷರದಲ್ಲಿ, ‘ಇದರಿಂದ ನಡೆಯುತ್ತೇನೆ’ ಎಂದು ಬರೆದು ರಸೀದಿ ಹಿಂದಕ್ಕೆ ಕೊಟ್ಟರು.

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕುಳಿತು, ರಸೀದಿಯನ್ನು ಮಡಿಸದೆ ತನ್ನ ಕೈಚೀಲದಲ್ಲಿದ್ದ ಪುಸ್ತಕದೊಳಗೆ ಇಟ್ಟುಕೊಂಡಳು. ಕೋಣೆಯಲ್ಲಿ ಇನ್ನೂ ಸಾವಿರಕ್ಕೂ ಮೇಲೆ ಸಾಮಾನುಗಳಿದ್ದವು, ಎಲ್ಲದರ ಕೊನೆಯ ಕಾಲಮ್ಮೂ ಖಾಲಿ. ದಾರದಜ್ಜನಿಗೆ ಉಳಿದಿರುವುದು ಎರಡೇ ತಿಂಗಳು. ಬಸ್ಸು ಹೊರಟಾಗ ಅವಳು ತಿರುಗಿ ನೋಡಿದಳು. ಆ ಹೆಂಗಸು ಮನೆಯ ಕಡೆ ತಿರುಗಿರಲಿಲ್ಲ. ರಸ್ತೆ ದಾಟಿ ಮುಂದಿನ ತಿರುವಿನ ಕಡೆ ನಡೆದುಕೊಂಡು ಹೋಗುತ್ತಿದ್ದರು. ಗಂಡ ಎರಡು ಹೆಜ್ಜೆ ಹಿಂದೆ ಬಿದ್ದು, ಸೇರಿಕೊಳ್ಳಲು ಆತುರ ಪಡುತ್ತಿದ್ದರು.